ಟೇಪಿನ ಇನ್ನೊಂದು ತುದಿ

ನಾನು ಶಿವಮೊಗ್ಗದಲ್ಲಿ ಪ್ಲಾನ್ ಹಾಕುವ ಕೆಲಸ ಮಾಡುತ್ತೇನೆ. ಹಳೇ ಅಂಗಡಿಯನ್ನೋ ಮನೆಯನ್ನೋ ಕೆಡವಿ ಹೊಸದು ಕಟ್ಟಬೇಕು ಅಂತ ಹೊರಟವರು ಮೊದಲು ಅಳತೆಗೆ ಕರೆಯೋದು ನಮ್ಮಂಥವರನ್ನು. ಹಾಗಾಗಿ ಗಾಂಧಿ ಬಜಾರ್, ದುರ್ಗಿಗುಡಿ, ಕೋಟೆ ರಸ್ತೆ ಕಡೆಯ ಎಷ್ಟೋ ಹಂಚಿನ ಕಟ್ಟಡಗಳ ಅಟ್ಟ ಹತ್ತಿ ಇಳಿದಿದ್ದೇನೆ. ಅದರಲ್ಲಿ ಸುಮಾರು ಈಗಿಲ್ಲ. ಏಳೆಂಟು ವರ್ಷದಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪುಸ್ತಕದ ಎಡಗಡೆ ಪುಟದಲ್ಲಿ ಕಟ್ಟಡದ ಅಳತೆ, ಬಲಗಡೆ ಪುಟದಲ್ಲಿ ಅದರ ಬಗ್ಗೆ ಜನ ಹೇಳಿದ್ದು.

ಶುರುವಿನಲ್ಲಿ ಹೀಗಿರಲಿಲ್ಲ. ಒಂದು ಪ್ರಶ್ನೆಪಟ್ಟಿ ಟೈಪ್ ಮಾಡಿಸಿ ಐವತ್ತು ಜೆರಾಕ್ಸ್ ತೆಗೆಸಿದ್ದೆ. ಕಟ್ಟಡ ಯಾವ ಇಸವಿಯದು, ಕಟ್ಟಿಸಿದವರು ಯಾರು, ಮೊದಲು ಯಾವ ವ್ಯಾಪಾರ ಇತ್ತು, ಹೀಗೆ. ಜನ ಕಾಗದ ನೋಡಿದ ಕೂಡಲೇ ಹಿಂದೆ ಸರಿಯುತ್ತಿದ್ದರು. ಕಂದಾಯದವನೋ, ರಸ್ತೆ ಅಗಲ ಮಾಡಲು ಬಂದವನೋ ಅನ್ನೋ ಅನುಮಾನ. ಉತ್ತರ ಕೊಟ್ಟವರೂ "ನಮ್ಮಪ್ಪನ ಕಾಲದ್ದು ಸಾರ್, ಮತ್ತೆಂತ ಗೊತ್ತಿಲ್ಲ" ಅಂದು ಗಿರಾಕಿ ಕಡೆ ತಿರುಗುತ್ತಿದ್ದರು. ಆ ಫಾರಂಗಳಲ್ಲಿ ತುಂಬಿದ್ದು ಐದೋ ಆರೋ.

ಆಮೇಲೊಂದು ದಿನ ಗಾಂಧಿ ಬಜಾರಿನ ಹಳೇ ಕಿರಾಣಿ ಅಂಗಡಿ ಅಳೆಯಲು ಹೋಗಿದ್ದೆ. ನನ್ನ ಹುಡುಗ ಬಂದಿರಲಿಲ್ಲ. ಅಲ್ಲೇ ಮೂಟೆ ಮೇಲೆ ಕೂತಿದ್ದ ವಯಸ್ಸಾದವರೊಬ್ಬರು ಟೇಪಿನ ತುದಿ ಹಿಡಿಯಲು ಎದ್ದರು. ಅದೇ ಅಂಗಡಿಯಲ್ಲಿ ಹುಡುಗರಾಗಿದ್ದಾಗಿನಿಂದ ಕೆಲಸ ಮಾಡಿದವರು. ಬಾಗಿಲ ಹತ್ತಿರ ಹೋಗಿ ತುದಿ ಒತ್ತಿ ಹಿಡಿದವರು ಸ್ವಲ್ಪ ಆಚೆ ಸರಿದು, "ಇಲ್ಲಿಂದ ತಗೊಳ್ಳಿ ತಮ್ಮಾ, ಹಲಗೆ ಕೂರ್ತಿದ್ದುದು ಇಲ್ಲಿ" ಅಂದರು. ಕಲ್ಲಿನ ಹೊಸಿಲಲ್ಲಿ ಬೆರಳು ಹೋಗುವಷ್ಟು ಅಗಲದ ತೋಡು ಇತ್ತು. ಅದರೊಳಗೆ ಬೆರಳು ಓಡಿಸುತ್ತಾ ಹೇಳುತ್ತಾ ಹೋದರು. ಅಂಗಡಿ ಮುಚ್ಚೋಕೆ ಸಾಲಾಗಿ ನಿಲ್ಲಿಸುವ ಹನ್ನೊಂದು ಹಲಗೆ. ಒಂದೊಂದರ ತಲೆಯ ಮೇಲೂ ಉಳಿಯಲ್ಲಿ ಹೊಡೆದ ಗೆರೆ, ಎಷ್ಟನೇ ಹಲಗೆಯೋ ಅಷ್ಟು ಗೆರೆ. ಏಳನೆಯದನ್ನು ಎಂಟರ ಜಾಗಕ್ಕೆ ಹಾಕಿದರೆ ಕೂರೋದೇ ಇಲ್ಲ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತಿತ್ತು, ಆಗ ಅಂಚಿಗೆ ಮೇಣದ ಬತ್ತಿ ಉಜ್ಜಿ ನೂಕಬೇಕು. ಆಷಾಢದಲ್ಲಿ ಬೆಳಗ್ಗೆ ಅಂಗಡಿ ತೆಗೆಯೋದೇ ಅರ್ಧ ಗಂಟೆ ಕೆಲಸ. ಕೊನೇ ಹಲಗೆ ತೆಗೆದು ಒಳಗಿಟ್ಟ ಮೇಲೇ ಯಜಮಾನರು ಬಂದು ಗಲ್ಲಾ ಮುಂದೆ ಕೂರುತ್ತಿದ್ದರಂತೆ.

ಯಜಮಾನರ ಮಗನಿಗೆ ಇದೊಂದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಸೈಟಿನ ಚದರಡಿ, ಪಾಲು, ಕೋರ್ಟಿನ ಕೇಸು. ಅವತ್ತಿನಿಂದ ನಾನು ಮೊದಲು ಹುಡುಕೋದು ಕೆಲಸ ಮಾಡಿದವರನ್ನು. ಸಪ್ಲೈಯರ್, ಹಮಾಲರು, ಕಸ ಗುಡಿಸಿದವರು, ಲೆಕ್ಕ ಬರೆದ ಗುಮಾಸ್ತರು. ಈಗ ಲೇಸರ್‌ನಲ್ಲಿ ಅಳೆಯುವ ಉಪಕರಣ ಬಂದಿದೆ, ಗೋಡೆಗೆ ಹಿಡಿದು ಒತ್ತಿದರೆ ಅಳತೆ ಬರುತ್ತೆ, ಎರಡನೇ ಜನ ಬೇಡ. ನನ್ನ ಹತ್ತಿರವೂ ಇದೆ. ಆದರೂ ಟೇಪ್ ಬಿಟ್ಟು ಹೋಗಲ್ಲ. ಸುಮ್ನೆ ಕೂರಿಸಿ ನೆನಪು ಹೇಳಿ ಅಂದರೆ ಬಾಯಿ ಕಟ್ಟುತ್ತೆ. ಕೈಗೆ ಟೇಪ್ ಕೊಟ್ಟು ಕಟ್ಟಡದೊಳಗೆ ನಡೆಸಿದರೆ ಅವರಾಗಿಯೇ ನಿಂತು ಹೇಳುತ್ತಾರೆ.

ಇಸವಿ ಮಾತ್ರ ಯಾರನ್ನೂ ಕೇಳಬಾರದು. ಬೇರೆ ದಾರಿಯಲ್ಲಿ ಹಿಡಿಯಬೇಕು. ದೋಸೆಗೆ ಎರಡಾಣೆ ಕೊಟ್ಟ ನೆನಪಿದ್ದರೆ ನಯಾಪೈಸೆ ಬರೋದಕ್ಕೆ ಮೊದಲಿನದು ಅಂತ ಗುರುತು ಹಾಕಿಕೊಳ್ಳುತ್ತೇನೆ, ಅಂದರೆ ಹೆಚ್ಚುಕಮ್ಮಿ 1957ಕ್ಕೆ ಮುಂಚೆ. ಖಚಿತ ಅಲ್ಲ, ಆಣೆ ಲೆಕ್ಕದ ಮಾತು ಬಾಯಲ್ಲಿ ಎಷ್ಟೋ ವರ್ಷ ಉಳಿದಿತ್ತು. ಹಳೇ ಬಿಲ್ ಸಿಕ್ಕರೆ ವಿಳಾಸ ನೋಡಿ. 577201 ಅಂತ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ಮೈಸೂರು ರಾಜ್ಯ ಅಂತ ಅಚ್ಚಾಗಿದ್ದರೆ 1973ರ ನವೆಂಬರಿಗೆ ಮುಂಚೆ ಅಚ್ಚು ಹಾಕಿಸಿದ್ದು. ಕೋಟೆ ಮಾರಿಕಾಂಬೆ ಜಾತ್ರೆ ಇನ್ನೂ ಒಳ್ಳೇ ಗುರುತು. ಎರಡು ವರ್ಷಕ್ಕೊಮ್ಮೆ ಬರುತ್ತೆ. "ಜಾತ್ರೆ ಮುಗಿದ ಮೇಲೆ ಅಟ್ಟ ಹಾಕಿಸಿದ್ದು, ಆಗ ದೊಡ್ಡ ಮಗಳು ಹೊಟ್ಟೇಲಿ" ಅಂತ ಒಬ್ಬ ಅಜ್ಜಿ ಹೇಳಿದರು. ಮಗಳ ವಯಸ್ಸು ಕೇಳಿದೆ, ಲೆಕ್ಕ ಸಿಕ್ಕಿತು.

ನಾನು ತಪ್ಪು ಮಾಡಿದ್ದು ಹಂಚಿನ ವಿಷಯದಲ್ಲಿ. ಒಂದು ಮನೆಯ ಅಟ್ಟದಲ್ಲಿ ಬಾಸೆಲ್ ಮಿಶನ್ ಹಂಚು ಸಿಕ್ಕಿತು. ಬೆನ್ನ ಮೇಲೆ 1865 ಅಂತ ಅಚ್ಚು. ನಿಮ್ಮ ಮನೆ 1865ರದ್ದು ಅಂತ ಯಜಮಾನರಿಗೆ ಹೇಳಿಬಿಟ್ಟೆ. ಅವರು ನೆಂಟರಿಗೆಲ್ಲ ಫೋನ್ ಮಾಡಿದರು. ಆ ಮೇಲೆ ನನಗೆ ತಿಳಿಯಿತು, ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷ ಆಮೇಲೆ ಸುಟ್ಟ ಹಂಚಿನ ಮೇಲೂ ಅದೇ ಅಂಕಿ ಇರುತ್ತೆ. ವಾಪಸ್ ಹೋಗಿ ಹೇಳಿದೆ. ಅವರಿಗೆ ಬೇಜಾರಾಯಿತು, ನನಗೂ. ಆದರೆ ಪಕ್ಕದಲ್ಲಿ ಕೂತಿದ್ದ ಅವರ ಸೋದರತ್ತೆ ಆಗ ಬಾಯಿ ಬಿಟ್ಟರು. "ಮಂಗಳೂರು ಹಂಚು ಬಂದಿದ್ದು ಅಣ್ಣನ ಮದುವೆಗೆ. ಅದಕ್ಕೆ ಮುಂಚೆ ನಾಡಹಂಚು. ಮಂಗ ಹಾರಿದ್ರೆ ಸಾಕು, ಅಡುಗೆಮನೆ ತುಂಬ ನೀರು." ಅಂಕಿ ಹಿಡಿದುಕೊಂಡಿದ್ದಷ್ಟು ದಿನ ಈ ಮಾತು ಹೊರಗೆ ಬಂದಿರಲಿಲ್ಲ.

ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆ ಆಗದೆ ಇದ್ದಾಗ ನಾನು ತೀರ್ಪು ಕೊಡೋಕೆ ಹೋಗಲ್ಲ, ಗೋಡೆ ನೋಡುತ್ತೇನೆ. ಒಂದು ಹೋಟೆಲಿನಲ್ಲಿ ಸೌದೆ ಒಲೆ ಎಡಕ್ಕಿತ್ತು ಅಂತ ಅಣ್ಣ, ಬಲಕ್ಕಿತ್ತು ಅಂತ ತಮ್ಮ. ಸುಣ್ಣ ಕೆರೆದರೆ ಎರಡೂ ಕಡೆ ಮಸಿ. ಅಣ್ಣ ಅಂಗಡಿ ನೋಡಿಕೊಳ್ಳುತ್ತಿದ್ದಾಗ ಒಂದು ಕಡೆ, ತಮ್ಮನ ಕಾಲಕ್ಕೆ ಇನ್ನೊಂದು ಕಡೆ. ಎರಡನ್ನೂ ಬರೆದೆ.

ಎಲ್ಲರಿಗೂ ಹಳೇ ಕಟ್ಟಡದ ಮೇಲೆ ಪ್ರೀತಿ ಇರುತ್ತೆ ಅಂತಲೂ ಅಂದುಕೊಳ್ಳಬೇಡಿ. ಮೀನಾಕ್ಷಿ ಭವನದ ದೋಸೆ ಅಂದರೆ ಊರಿನವರು ಒಂದು ಗಂಟೆ ಮಾತಾಡುತ್ತಾರೆ, ಲಕ್ಷ್ಮಿ ಟಾಕೀಸ್ ಅಂದರೆ ಗಾಂಧಿ ಕ್ಲಾಸಿನ ಬೆಂಚಿನ ತಿಗಣೆಯೂ ನೆನಪಾಗುತ್ತೆ. ಆದರೆ ದುರ್ಗಿಗುಡಿಯ ಒಂದು ಹಳೇ ಮನೆಯಲ್ಲಿ ನಾನು ಕಂಬ ಚೆನ್ನಾಗಿದೆ, ಉಳಿಸಿಕೊಳ್ಳಬಹುದಿತ್ತು ಅಂದಾಗ ಆ ಮನೆಯ ಸೊಸೆ, "ನಿಮಗೆ ನೋಡೋಕೆ ಚೆಂದ ಅಣ್ಣ. ಮೂವತ್ತು ವರ್ಷ ಈ ಹೆಗ್ಗಣದ ಜೊತೆ ಬದುಕಿದ್ದು ನಾನು" ಅಂದರು. ಆ ಮಾತನ್ನು ಅವರು ಹೇಳಿದ ಹಾಗೇ ಬಲಗಡೆ ಪುಟದಲ್ಲಿ ಬರೆದಿದ್ದೇನೆ. ಅದೂ ಆ ಮನೆಯ ಕಥೆಯೇ ಅಲ್ವಾ. ಶಿವಪ್ಪನಾಯಕನ ಅರಮನೆಗೆ ಮ್ಯೂಸಿಯಂ ಇದೆ, 1930ರಲ್ಲಿ ಶುರುವಾದ ಕರ್ನಾಟಕ ಸಂಘಕ್ಕೆ ಕಡತಗಳಿವೆ. ಈ ಅಡುಗೆಮನೆಗಳಿಗೆ ಅಂಥದ್ದು ಯಾವುದೂ ಇಲ್ಲ.

ಒಂದು ಕಟ್ಟಡ ಕೈ ತಪ್ಪಿದ್ದು ಈಗಲೂ ಹೊಟ್ಟೆಯಲ್ಲಿ ಉರಿಯುತ್ತೆ. ಒಂದು ಹಳೇ ಮುದ್ರಣಾಲಯ. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಅಲ್ಲೇ ಇದ್ದರು, ಮಾತಾಡುವ ಮನಸ್ಸೂ ಇತ್ತು. ಮುಂದಿನ ವಾರ ಬರ್ತೀನಿ ಅಂದೆ. ಹೋಗುವಷ್ಟರಲ್ಲಿ ಜೆಸಿಬಿ ಬಂದು ಹೋಗಿತ್ತು, ಅವರು ಮಗನ ಊರಿಗೆ ಹೋಗಿದ್ದರು. ಯಾವ ಊರು ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಆವತ್ತಿನಿಂದ ಸಿಕ್ಕ ದಿನವೇ ಕೇಳಿ, ಅದೇ ರಾತ್ರಿ ಬರೆದು ಮುಗಿಸುತ್ತೇನೆ. ಹೆಸರು ಹಾಕಲೋ ಬೇಡವೋ ಅಂತ ಅವರನ್ನೇ ಕೇಳಿ, ಬರೆದದ್ದನ್ನು ಓದಿ ಹೇಳುತ್ತೇನೆ. ತಿದ್ದಿಸುವಾಗಲೇ ಜಾಸ್ತಿ ನೆನಪು ಬರುತ್ತೆ.

ಆ ಕಿರಾಣಿ ಅಂಗಡಿ ಹೋಗಿ ನಾಲ್ಕು ವರ್ಷವಾಯಿತು. ಹಲಗೆಗಳನ್ನು ಹಳೇ ಮರದ ವ್ಯಾಪಾರಿ ಒಯ್ದ. ಹಲಗೆ ಎತ್ತಿಡುತ್ತಿದ್ದ ಆ ಹಿರಿಯರು ಒಂದನ್ನು ಕೇಳಿ ಇಸ್ಕೊಂಡಿದ್ದಾರೆ. ಈಗ ಅದು ಅವರ ಮನೆಯ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿ ಇಡುವ ಗೂಡು. ಹೋದ ತಿಂಗಳು ಹೋಗಿದ್ದೆ. ಭರಣಿ ಇಳಿಸಿ ಟೇಪಿನ ತುದಿ ಅವರೇ ಹಿಡಿದರು. ಒಂಬತ್ತು ಇಂಚು ಅಗಲ, ಒಂದೂಕಾಲು ಇಂಚು ದಪ್ಪ, ತಲೆಯ ಮೇಲೆ ಏಳು ಗೆರೆ.