ಹಿರಿಯರ ಕೈಗೆ ಹೂವಿನ ಕೆಲಸ: ವಸಂತದ ಕೂಟದಲ್ಲಿ ನಾನು ಕಂಡದ್ದು

ಕ್ರೈಸ್ತ ಸಭೆಯ ಹಿರಿಯರಿಗೆ ಹೂವು ಕೊಡುವುದು ಹೊಸದೇನಲ್ಲ. ಹುಟ್ಟುಹಬ್ಬಕ್ಕೊಂದು ಗುಚ್ಛ, ಆಸ್ಪತ್ರೆಯಿಂದ ಮನೆಗೆ ಮರಳಿದಾಗ ಇನ್ನೊಂದು. ಕೊಟ್ಟವರು ಪ್ರಾರ್ಥನೆ ಮಾಡಿ ಹೊರಡುತ್ತಾರೆ, ಪಡೆದವರು ಕುಳಿತಲ್ಲೇ ಕುಳಿತು ಅದನ್ನು ನೋಡುತ್ತಾರೆ. ಒಳ್ಳೆಯದೇ. ಆದರೆ ಹಿರಿಯ ವಿಶ್ವಾಸಿಗಳಿಗಾಗಿ ಕೆಲವು ವರ್ಷಗಳಿಂದ ವಸಂತದ ಹೂವಿನ ಕೂಟ ನಡೆಸುತ್ತಾ ಬಂದಿರುವ ನನಗೆ ಒಂದು ವಿಷಯ ಖಚಿತವಾಗಿದೆ. ಎಂಬತ್ತು ದಾಟಿದವರಿಗೆ ಹೂವಿಗಿಂತಲೂ ಹೂವಿನ ಕೆಲಸ ಹೆಚ್ಚು ಸಂತೋಷ ಕೊಡುತ್ತದೆ. ದಂಟನ್ನು ಕತ್ತರಿಸುವುದು, ಎಲೆ ಬಿಡಿಸುವುದು, ಹೂದಾನಿಗೆ ನೀರು ಹಾಕುವುದು, ಕಟ್ಟಿದ ಗುಚ್ಛ ಯಾರ ಮನೆಗೆ ಹೋಗಬೇಕೆಂದು ತಾವೇ ತೀರ್ಮಾನಿಸುವುದು. ಮುಪ್ಪಿನಲ್ಲಿ ನಮಗಾಗಿ ಮಾಡುವವರು ಹಲವರು ಸಿಗುತ್ತಾರೆ. ನಮ್ಮಿಂದ ಏನನ್ನಾದರೂ ಕೇಳುವವರು ಸಿಗುವುದು ಕಷ್ಟ. ಕರ್ತನ ಆಲಯದಲ್ಲಿ ನೆಡಲ್ಪಟ್ಟವರು ಮುದಿತನದಲ್ಲಿಯೂ ಫಲ ಕೊಡುತ್ತಾರೆ ಎಂದು ಬೈಬಲಿನ 92ನೇ ಕೀರ್ತನೆ ಹೇಳುತ್ತದೆ. ಆ ಮಾತನ್ನು ನಾನು ಅಕ್ಷರಶಃ ನಂಬಿ ಕೂಟವನ್ನು ಕಟ್ಟಿದ್ದೇನೆ.

ಮೊದಲು ಕಣ್ಣಿನ ವಿಷಯ, ಏಕೆಂದರೆ ಹೂವಿನ ಆಯ್ಕೆ ಅಲ್ಲಿಂದಲೇ ಶುರುವಾಗುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ದಪ್ಪವಾಗಿ ಹಳದಿಗೆ ತಿರುಗುತ್ತದೆ, ಪಾಪೆ ಕಿರಿದಾಗುತ್ತದೆ. ಅರವತ್ತರ ಕಣ್ಣಿನೊಳಗೆ ಇಳಿಯುವ ಬೆಳಕು ಇಪ್ಪತ್ತರ ಕಣ್ಣಿಗೆ ಇಳಿಯುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಹಳದಿಯಾದ ಮಸೂರ ಮೊದಲು ತಡೆಯುವುದು ನೀಲಿಯನ್ನು, ನೇರಳೆಯನ್ನು. ನಮಗೆ ಕಡು ನೀಲಿಯಾಗಿ ಕಾಣುವ ಹಯಸಿಂತ್ ಅವರಿಗೆ ಬೂದು ಮಿಶ್ರಿತ ಕಪ್ಪಾಗಿ ಕಾಣಬಹುದು. ಹಾಗಾಗಿ ಹಳದಿ ಡ್ಯಾಫೊಡಿಲ್, ಕೆಂಪು ಮತ್ತು ಕಿತ್ತಳೆ ಟುಲಿಪ್, ಮುಖದ ನಡುವೆ ಗಾಢ ಮಚ್ಚೆ ಇರುವ ಪ್ಯಾನ್ಸಿ ಇವುಗಳನ್ನು ಮುಂದಿಡುತ್ತೇನೆ. ಬಿಳಿ ಹೂವುಗಳಿದ್ದರೆ ಮೇಜಿಗೆ ಕಡು ಹಸಿರು ಬಟ್ಟೆ ಹಾಸುತ್ತೇನೆ. ಬಿಳಿ ಬಟ್ಟೆಯ ಮೇಲಿನ ಬಿಳಿ ಲಿಲ್ಲಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಮೇಜು ಕಿಟಕಿಯ ಬಳಿ ಇರಬೇಕು, ಆದರೆ ಬೆಳಕು ಅವರ ಬೆನ್ನಿನ ಕಡೆಯಿಂದ ಅಥವಾ ಪಕ್ಕದಿಂದ ಬರಬೇಕು. ಎದುರಿನಿಂದ ಬಂದರೆ ಕಣ್ಣು ಕೋರೈಸುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಕೂಟಕ್ಕೆ ಮರಳಿದ ಒಬ್ಬ ತಾಯಿ ನೇರಳೆ ಪ್ಯಾನ್ಸಿಯನ್ನು ಕೈಯಲ್ಲಿ ಹಿಡಿದು, "ಈ ಬಣ್ಣ ಇನ್ನೂ ಲೋಕದಲ್ಲಿ ಇದೆಯೇ!" ಎಂದರು. ಎಲ್ಲರೂ ಅದನ್ನು ಒಬ್ಬರ ನಂತರ ಒಬ್ಬರು ತೆಗೆದುಕೊಂಡು ನೋಡಿದರು.

ಕೈಗಳ ವಿಷಯವೂ ಅಷ್ಟೇ ಮುಖ್ಯ. ಸಂಧಿವಾತ ಇರುವ ಬೆರಳುಗಳಿಗೆ ಸಾಮಾನ್ಯ ಕತ್ತರಿ ಹಿಂಸೆ. ಒತ್ತಿ ಬಿಟ್ಟರೆ ತಾನಾಗಿಯೇ ತೆರೆದುಕೊಳ್ಳುವ ಸ್ಪ್ರಿಂಗ್ ಇರುವ ಚಿಕ್ಕ ಗಿಡ ಕತ್ತರಿಯನ್ನು ಇಟ್ಟುಕೊಂಡಿದ್ದೇವೆ. ಹೂದಾನಿಗಳು ಅಗಲ ತಳದವು, ಗಿಡ್ಡ, ಭಾರವಾದವು. ಕೈ ನಡುಗಿ ತಗುಲಿದರೂ ಉರುಳುವುದಿಲ್ಲ. ಹೂವನ್ನು ನಿಲ್ಲಿಸಲು ಬಳಸುವ ಹಸಿರು ಫೋಮ್ ನನಗೆ ಇಷ್ಟವಿಲ್ಲ. ಅದು ಮಣ್ಣಿನಲ್ಲಿ ಕರಗುವುದಿಲ್ಲ, ಮೆದು ದಂಟುಗಳನ್ನು ಅದಕ್ಕೆ ಚುಚ್ಚಲು ಹೋದರೆ ಮುರಿಯುತ್ತವೆ. ಬದಲಿಗೆ ತಂತಿಬಲೆಯನ್ನು ಉಂಡೆ ಮಾಡಿ, ಚೂಪಾದ ತುದಿಗಳನ್ನು ಒಳಕ್ಕೆ ಮಡಚಿ, ಹೂದಾನಿಯೊಳಗೆ ಕೂರಿಸುತ್ತೇನೆ. ಕಣ್ಣು ಮಂದವಾದವರು ಕೂಡ ಬೆರಳಿನಿಂದ ತೂತನ್ನು ಹುಡುಕಿ ದಂಟನ್ನು ಇಳಿಸಬಲ್ಲರು.

ಹೂವಿನ ಆರೈಕೆ ಕಲಿಸಬೇಕಾಗಿ ಬರುವುದು ಕಡಿಮೆ. ಅವರಲ್ಲಿ ಅನೇಕರಿಗೆ ನನಗಿಂತ ಹೆಚ್ಚು ಗೊತ್ತು. ದಂಟನ್ನು ಓರೆಯಾಗಿ ಕತ್ತರಿಸಬೇಕು, ನೀರಿನೊಳಗೆ ಎಲೆ ಮುಳುಗಬಾರದು, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಬೇಕು, ಹಣ್ಣಿನ ಬುಟ್ಟಿಯ ಪಕ್ಕ ಇಡಬಾರದು, ಏಕೆಂದರೆ ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಬಾಡುತ್ತದೆ. ಡ್ಯಾಫೊಡಿಲ್ ಒಂದು ಮಾತ್ರ ಜಾಗ್ರತೆ ಬೇಡುವ ಹೂವು. ಕತ್ತರಿಸಿದ ದಂಟಿನಿಂದ ಒಸರುವ ಅದರ ಲೋಳೆ ಬೇರೆ ಹೂವುಗಳನ್ನು ಕೆಡಿಸುತ್ತದೆ. ಅದನ್ನು ರಾತ್ರಿಯಿಡೀ ಬೇರೆ ನೀರಿನಲ್ಲಿ ನಿಲ್ಲಿಸಿ, ಮತ್ತೆ ಕತ್ತರಿಸದೆ ಉಳಿದವುಗಳ ಜೊತೆ ಸೇರಿಸಬೇಕು. ಟುಲಿಪ್ ಹೂದಾನಿಯಲ್ಲಿಯೂ ಬೆಳೆಯುತ್ತದೆ, ಬೆಳಕಿನ ಕಡೆಗೆ ಬಾಗುತ್ತದೆ. ಕತ್ತರಿಸಿದ ಮೇಲೂ ಬೆಳೆಯುತ್ತದೆ ಎಂದು ತಿಳಿದಾಗ ಹಿರಿಯರ ಮುಖದಲ್ಲಿ ಮೂಡುವ ಅಚ್ಚರಿಯನ್ನು ನೋಡಲೆಂದೇ ನಾನು ಪ್ರತಿ ವಸಂತದಲ್ಲಿ ಟುಲಿಪ್ ತರುತ್ತೇನೆ.

ಹೂವಿನ ಕೂಟವನ್ನು ಈಸ್ಟರ್‌ಗೆ ಒಂದೆರಡು ವಾರ ಮುಂಚೆ ಆರಂಭಿಸುವವರಿದ್ದಾರೆ. ನಾನು ಬೂದಿ ಬುಧವಾರಕ್ಕೂ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾಗುವ ದಿನಕ್ಕೂ, ಮೊದಲೇ ಆರಂಭಿಸುತ್ತೇನೆ. ಲೆಂಟ್ ಕಾಲದಲ್ಲಿ ಬಲಿಪೀಠವನ್ನು ಹೂವಿನಿಂದ ಅಲಂಕರಿಸದಿರುವುದು ಕಥೋಲಿಕ ಸಭೆಯ ನಿಯಮ; ನಾಲ್ಕನೇ ಭಾನುವಾರಕ್ಕೂ ದೊಡ್ಡ ಹಬ್ಬಗಳಿಗೂ ಮಾತ್ರ ವಿನಾಯಿತಿ. ಬೇರೆ ಅನೇಕ ಸಭೆಗಳಲ್ಲಿಯೂ ಈ ರೂಢಿ ಇದೆ. ಹೂವಿಲ್ಲದ ಆ ವಾರಗಳಲ್ಲಿ ಗೆಡ್ಡೆಯೊಂದನ್ನು ಬೆಳೆಸುವುದಕ್ಕಿಂತ ಒಳ್ಳೆಯ ಕಾಯುವಿಕೆ ನನಗೆ ಗೊತ್ತಿಲ್ಲ. ನಾನು ಆರಿಸಿಕೊಂಡದ್ದು ಅಮರಿಲ್ಲಿಸ್. ಟುಲಿಪ್, ಹಯಸಿಂತ್‌ಗಳಂತೆ ಅದಕ್ಕೆ ವಾರಗಟ್ಟಲೆ ಚಳಿ ಬೇಕಿಲ್ಲ. ಗೆಡ್ಡೆಯ ಮೇಲ್ಭಾಗ ಮಣ್ಣಿನಿಂದ ಹೊರಗಿರುವಂತೆ, ಗೆಡ್ಡೆಗಿಂತ ತುಸುವೇ ದೊಡ್ಡದಾದ ಕುಂಡದಲ್ಲಿ ಕೂರಿಸಿ ಬೆಚ್ಚಗಿನ ಕಿಟಕಿಯಲ್ಲಿಟ್ಟರೆ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಅರಳುತ್ತದೆ. ಬೂದಿ ಬುಧವಾರದಿಂದ ಈಸ್ಟರ್ ಭಾನುವಾರಕ್ಕೆ 46 ದಿನ: ಉಪವಾಸದ 40, ಜೊತೆಗೆ ಆರು ಭಾನುವಾರ. ಹಾಗಾಗಿ ಬೂದಿ ಬುಧವಾರಕ್ಕೆ ಸ್ವಲ್ಪ ಮೊದಲು ನೆಟ್ಟ ಗೆಡ್ಡೆ ಹಬ್ಬದ ಆಸುಪಾಸಿನಲ್ಲಿ ಹೂ ಬಿಡುತ್ತದೆ. ಕೆಲವು ಮುಂಚೆಯೇ ಅರಳಿಬಿಡುತ್ತವೆ. ಅಂಥ ಕುಂಡವನ್ನು ತಂಪಾದ ಕೋಣೆಗೆ ಸಾಗಿಸಿದರೆ ಹೂವು ಹೆಚ್ಚು ದಿನ ಉಳಿಯುತ್ತದೆ.

ನಮ್ಮ ಕೂಟದಲ್ಲಿ ನಿವೃತ್ತ ಭೂಮಾಪಕರೊಬ್ಬರಿದ್ದಾರೆ. ಹೂವು ಹೆಂಗಸರ ಕೆಲಸ ಎಂದು ದೂರ ಕುಳಿತಿದ್ದವರು. ಅಮರಿಲ್ಲಿಸ್‌ನ ಹೂದಂಟು ಮೇಲೇಳತೊಡಗಿದಾಗ ಅದನ್ನು ಅಳೆದು ಬರೆದಿಡುವ ಜವಾಬ್ದಾರಿಯನ್ನು ಅವರಿಗೆ ಒಪ್ಪಿಸಿದೆ. ಮರುವಾರ ತಮ್ಮದೇ ಅಳತೆಪಟ್ಟಿ, ತಮ್ಮದೇ ಪುಸ್ತಕ ತಂದರು. ಯಾವ ಕುಂಡ ಎಷ್ಟು ಸೆಂಟಿಮೀಟರ್ ಏರಿದೆ ಎಂದು ಅವರು ಗಟ್ಟಿಯಾಗಿ ಓದುವುದನ್ನು ಈಗ ಎಲ್ಲರೂ ಕಾಯುತ್ತಾರೆ. ಗಂಡಸರನ್ನು ಕೂಟಕ್ಕೆ ಕರೆತರುವುದು ಹೇಗೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಅವರು ಜೀವನವಿಡೀ ಚೆನ್ನಾಗಿ ಮಾಡಿದ ಕೆಲಸ ಯಾವುದೋ ಅದರ ಒಂದು ತುಣುಕನ್ನು ಹೂವಿನ ಪಕ್ಕದಲ್ಲಿ ಹುಡುಕಿಕೊಡಿ.

ಈಸ್ಟರ್ ಲಿಲ್ಲಿಯ ಬಗ್ಗೆ ಎರಡು ಮಾತು. ಜಪಾನಿನ ದಕ್ಷಿಣದ ರ‍್ಯೂಕ್ಯೂ ದ್ವೀಪಗಳು ಮತ್ತು ತೈವಾನ್ ಅದರ ಮೂಲ ನೆಲೆ. ತನ್ನ ಪಾಡಿಗೆ ಬಿಟ್ಟರೆ ಅದು ಅರಳುವುದು ಬೇಸಿಗೆಯಲ್ಲಿ. ಬೆಳೆಗಾರರು ಗೆಡ್ಡೆಗೆ ಚಳಿ ಕೊಟ್ಟು, ಹಸಿರುಮನೆಯಲ್ಲಿ ಶಾಖ ಹೊಂದಿಸಿ ಹಬ್ಬದ ಹೊತ್ತಿಗೆ ಅರಳಿಸುತ್ತಾರೆ. ಹಬ್ಬವೂ ಸ್ಥಿರವಲ್ಲ. ಪಾಶ್ಚಾತ್ಯ ಸಭೆಗಳಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಿನ ಯಾವುದಾದರೂ ಭಾನುವಾರ ಬೀಳುತ್ತದೆ. ಮನೆಗೆ ಕಳುಹಿಸುವ ಲಿಲ್ಲಿಯ ಪರಾಗಕೋಶಗಳನ್ನು ಮೊಗ್ಗು ಬಿರಿದ ಕೂಡಲೇ ಬಿಡಿಸುತ್ತೇವೆ, ಆ ಪುಡಿಯ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಬೆಕ್ಕು ಸಾಕಿರುವ ಮನೆಗೆ ಲಿಲ್ಲಿಯನ್ನು ಕಳುಹಿಸುವುದೇ ಇಲ್ಲ. ಎಲೆ, ಎಸಳು, ಪರಾಗ, ಹೂದಾನಿಯ ನೀರು ಯಾವುದನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಗಳು ಕೆಡುತ್ತವೆ. ಒಂಟಿಯಾಗಿ ಬದುಕುವ ಹಿರಿಯರಿಗೆ ಬೆಕ್ಕು ಎಷ್ಟು ದೊಡ್ಡ ಆಸರೆ ಎಂಬುದನ್ನು ನೋಡಿರುವ ನಾನು ಈ ವಿಷಯದಲ್ಲಿ ಯಾವ ಸಡಿಲಿಕೆಯನ್ನೂ ಒಪ್ಪುವುದಿಲ್ಲ. ಮರೆವಿನ ಕಾಯಿಲೆ ಇರುವವರು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದುಂಟು. ಡ್ಯಾಫೊಡಿಲ್, ಅಮರಿಲ್ಲಿಸ್ ಎರಡರ ಗೆಡ್ಡೆಯೂ ವಿಷ, ನೋಡಲು ಈರುಳ್ಳಿಯಂತೆಯೇ ಇರುತ್ತವೆ. ಅವರ ಮೇಜಿನ ಮೇಲೆ ಪ್ಯಾನ್ಸಿ, ಗುಲಾಬಿ ಎಸಳು ಮಾತ್ರ, ಅವೂ ಔಷಧಿ ಸಿಂಪಡಿಸದೆ ಬೆಳೆಸಿದವು.

ವಾಸನೆಯ ಶಕ್ತಿಯೂ ವಯಸ್ಸಿನೊಂದಿಗೆ ಕುಂದುತ್ತದೆ. ಆದರೂ ಹಯಸಿಂತ್, ಸ್ವೀಟ್ ಪೀಯಂಥ ಗಾಢ ಪರಿಮಳ ಅನೇಕರನ್ನು ತಲುಪುತ್ತದೆ. ಮೂಗಿನ ಸಂದೇಶ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳಿಗೆ ತೀರಾ ಹತ್ತಿರದ ದಾರಿಯಲ್ಲಿ ಸಾಗುತ್ತದೆ. ಹೆಸರು ಮರೆತವರು ಪರಿಮಳಕ್ಕೆ ತಲೆಯೆತ್ತುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮ ಹಿರಿಯರೊಬ್ಬರಿಗೆ ಮಕ್ಕಳ ಗುರುತೂ ಸರಿಯಾಗಿ ಉಳಿದಿಲ್ಲ. ಹಯಸಿಂತ್‌ನ ಗೊಂಚಲನ್ನು ಅವರ ಕೆನ್ನೆಯ ಹತ್ತಿರ ಹಿಡಿದು ಪಕ್ಕದವರು ಒಂದು ಹಳೆಯ ಪುನರುತ್ಥಾನದ ಗೀತೆಯನ್ನು ಗುನುಗಿದರು. ಎರಡನೇ ಸಾಲಿಗೆ ಅವರ ದನಿಯೂ ಸೇರಿತು, ಕೊನೆಯ ಚರಣದವರೆಗೂ ಒಂದು ಪದ ತಪ್ಪಲಿಲ್ಲ. ಅದಾದ ಮೇಲೆ ಪ್ರತಿ ಕೂಟದಲ್ಲಿಯೂ ಹಾಡುತ್ತೇವೆ, ಪುಸ್ತಕವಿಲ್ಲದೆ. ಉಬ್ಬಸ ಇರುವವರಿಗೆ ಗಾಢ ಪರಿಮಳ ತೊಂದರೆ ಕೊಡಬಹುದು. ಅವರನ್ನು ತೆರೆದ ಕಿಟಕಿಯ ಬಳಿ ಕೂರಿಸಿ ಟುಲಿಪ್ ಕೊಡುತ್ತೇನೆ.

ವಾಕ್ಯಭಾಗವನ್ನು ಉದ್ದ ಮಾಡುವುದಿಲ್ಲ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಹೂವುಗಳ ಕಡೆಗೆ ಕೈತೋರಿಸಿ, ಸೊಲೊಮೋನನ ವೈಭವವೂ ಇವುಗಳಿಗೆ ಸಮವಲ್ಲ ಎಂದ ಭಾಗವನ್ನು ಓದಿ, ಎಲ್ಲರ ಕೈಗೂ ಒಂದೊಂದು ಹೂವು ಕೊಟ್ಟು, ಸುಮ್ಮನೆ ನೋಡಲು ಹೇಳುತ್ತೇನೆ. ಅಲ್ಲಿ ಹೇಳಿದ ಹೂವು ಗಲಿಲಾಯದ ಬೆಟ್ಟಗಳಲ್ಲಿ ವಸಂತದಲ್ಲಿ ಅರಳುವ ಕೆಂಪು ಅನೆಮೊನೆ ಇರಬಹುದೆಂದು ಹಲವರು ಭಾವಿಸುತ್ತಾರೆ. ಭೂತಗನ್ನಡಿ ಇಟ್ಟುಕೊಂಡಿರುತ್ತೇವೆ; ಎಸಳಿನ ನರ, ಪರಾಗದ ಕಣ ಅದರಲ್ಲಿ ಎದ್ದು ಕಾಣುತ್ತವೆ. ಈಸ್ಟರ್ ವಾರದಲ್ಲಿ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯಗಳಿಗೆ ಹೋಗುತ್ತೇವೆ. ಶಿಲುಬೆಗೆ ಹಾಕಿದ ಸ್ಥಳದಲ್ಲಿ ಒಂದು ತೋಟವಿತ್ತು, ಸಮಾಧಿ ಆ ತೋಟದಲ್ಲಿತ್ತು ಎಂದು ಹೇಳುವುದು ಯೋಹಾನನೊಬ್ಬನೇ. ಮಗ್ದಲದ ಮರಿಯಳು ಎದ್ದುಬಂದ ಕರ್ತನನ್ನು ಮೊದಲು ತೋಟಗಾರನೆಂದೇ ಎಣಿಸಿದಳು. ಜೀವನವಿಡೀ ಮಣ್ಣು ಮುಟ್ಟಿದ ಹಿರಿಯರು ಈ ಮಾತಿಗೆ ತಲೆದೂಗುವ ರೀತಿಯೇ ಬೇರೆ.

ಬಾಡುವಿಕೆಯನ್ನು ಮರೆಮಾಡುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಕೆಲವು ಹೂವುಗಳು ಶವಪೆಟ್ಟಿಗೆಯನ್ನು ನೆನಪಿಸುತ್ತವೆ. ಯಾವ ಹೂವು ಬೇಡ ಎಂದು ಮೊದಲೇ ಒಬ್ಬೊಬ್ಬರನ್ನಾಗಿ ಕೇಳಿಕೊಳ್ಳುತ್ತೇನೆ. ಕಣ್ಣೀರು ಬಂದರೆ ಕೂಟ ನಿಲ್ಲುತ್ತದೆ, ಪಕ್ಕದಲ್ಲಿರುವವರು ಕೈ ಹಿಡಿದುಕೊಳ್ಳುತ್ತಾರೆ. ಹುಲ್ಲು ಒಣಗುತ್ತದೆ, ಹೂವು ಬಾಡುತ್ತದೆ, ನಮ್ಮ ದೇವರ ಮಾತೋ ಸದಾ ನಿಲ್ಲುತ್ತದೆ ಎಂಬ ಯೆಶಾಯನ ಮಾತನ್ನು ಇಂಥ ಹೊತ್ತಿನಲ್ಲಿ ಅವರೇ ಹೇಳುತ್ತಾರೆ, ನಾನು ಹೇಳಬೇಕಾಗಿಯೇ ಇಲ್ಲ. ಬಾಡುವ ಮೊದಲೇ ಪ್ಯಾನ್ಸಿಗಳನ್ನು ಕಿತ್ತು, ಒತ್ತುಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಎರಡು ಮೂರು ವಾರ ಬಿಡುತ್ತೇವೆ. ಚಪ್ಪಟೆಯಾಗಿ ಒಣಗಿದ ಹೂವನ್ನು ಕಾರ್ಡಿಗೆ ಅಂಟಿಸಿ, ಕೆಳಗೆ ಅವರವರ ಕೈಬರಹದಲ್ಲಿಯೇ ಒಂದು ವಚನ. ಅಕ್ಷರ ನಡುಗಿದ್ದರೆ ನಡುಗಿರಲಿ. ದೂರದಲ್ಲಿರುವ ಮೊಮ್ಮಕ್ಕಳು ಆ ಕಾರ್ಡನ್ನು ಕಾಪಾಡಿಕೊಳ್ಳುತ್ತಾರೆ.

ಕೂಟಕ್ಕೆ ಬರಲಾಗದೆ ಹಾಸಿಗೆ ಹಿಡಿದವರ ಪಟ್ಟಿಯನ್ನು ಸಭಾಪಾಲಕರಿಂದ ಪಡೆಯುತ್ತೇನೆ. ಆದರೆ ಯಾವ ಗುಚ್ಛ ಯಾರಿಗೆ ಎಂದು ನಿರ್ಧರಿಸುವವರು ಹಿರಿಯರೇ. ಅವರಿಗೆ ಗೊತ್ತಿರುತ್ತದೆ, ಯಾರಿಗೆ ಹಳದಿ ಇಷ್ಟ, ಯಾರ ಮಗಳು ಇತ್ತೀಚೆಗೆ ತೀರಿಕೊಂಡಳು, ಯಾರು ಯಾರೊಂದಿಗೆ ಹಳೆಯ ಮನಸ್ತಾಪ ಮುಗಿಸಿಕೊಳ್ಳಬೇಕಿದೆ. ನಡೆಯಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತೇನೆ. ಹಾಸಿಗೆಯಲ್ಲಿರುವವರಿಗೆ ತಲೆ ಎತ್ತದೆ ಕಾಣುವಷ್ಟು ತಗ್ಗಿನಲ್ಲಿ ಹೂದಾನಿ ಇಡಬೇಕು. ಕಿಟಕಿಯ ಅಂಚಿನ ಮೇಲಿಟ್ಟರೆ ಮನೆಯವರಿಗೆ ಮಾತ್ರ ಕಾಣುತ್ತದೆ. ಎಸಳನ್ನು ಮುಟ್ಟಿಸುತ್ತೇವೆ, ಒಂದು ಕೀರ್ತನೆ ಓದುತ್ತೇವೆ, ಆಮೇಲೆ ಅವರಿಂದ ನಮಗಾಗಿ ಪ್ರಾರ್ಥನೆ ಕೇಳಿಕೊಳ್ಳುತ್ತೇವೆ. ಇದನ್ನು ಎಂದೂ ಬಿಡುವುದಿಲ್ಲ. ಎಂಬತ್ತನಾಲ್ಕರ ವಿಧವೆ ಅನ್ನಳು ದೇವಾಲಯ ಬಿಟ್ಟು ಹೋಗದೆ ಹಗಲಿರುಳು ಪ್ರಾರ್ಥಿಸುತ್ತಿದ್ದಳು ಎಂದು ಲೂಕನು ಬರೆದಿದ್ದಾನೆ; ನಮ್ಮ ಹಾಸಿಗೆ ಹಿಡಿದ ತಾಯಂದಿರೂ ಆ ಸಾಲಿನವರೇ.

ಹೊಸದಾಗಿ ಶುರು ಮಾಡುವವರು ಒಂದೇ ಮೇಜು, ಬೆರಳೆಣಿಕೆಯ ಜನ, ಒಂದು ಬಕೆಟ್ ಹೂವಿನಿಂದ ಆರಂಭಿಸಬಹುದು. ಸಹಾಯಕರು ಕೈಕಟ್ಟಿ ಕೂರುವಷ್ಟು ತಾಳ್ಮೆಯವರಾಗಿರಬೇಕು. ಹಿರಿಯರ ಕೈ ನಿಧಾನವಾದಾಗ ಕತ್ತರಿಯನ್ನು ಕಿತ್ತುಕೊಳ್ಳುವವರು ಬೇಡ. ಒಂದು ಗಂಟೆ ಸಾಕು, ಊಟದ ನಂತರದ ನಿದ್ದೆಯ ಹೊತ್ತಿಗೆ ಇಡಬೇಡಿ. ಮೊದಲ ವಾರ ಗುಲಾಬಿ ತರಬೇಡಿ. ವಯಸ್ಸಾದ ಚರ್ಮ ತೆಳು, ಅನೇಕರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಚಿಕ್ಕ ಮುಳ್ಳು ತಗುಲಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಟುಲಿಪ್‌ನಿಂದ ಶುರು ಮಾಡಿ. ಗುಲಾಬಿಯೇ ಬೇಕೆಂದು ಯಾರಾದರೂ ಕೇಳಿದರೆ ಮುಂದಿನ ವಾರ ಹಿಂದಿನ ದಿನವೇ ಮುಳ್ಳು ಬಿಡಿಸಿಟ್ಟು ತನ್ನಿ.