ಇಳಿಸಲು ಬರುವ ಕಂಬ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ಕೈಗೆ ಬಂದ ಮೊದಲ ವರ್ಷ ನನ್ನ ಆಂಟೆನಾ ನೀರಿನ ಟ್ಯಾಂಕಿಗೆ ಕಟ್ಟಿದ ಬಿದಿರಿನ ಗಳದ ಮೇಲಿತ್ತು. ಚಿತ್ರದುರ್ಗದ ಆಷಾಢ ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಇಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಒಂದು ಬೆಳಿಗ್ಗೆ ಗಳ ಮುರಿದು ಪಕ್ಕದ ಮನೆಯ ತುಳಸಿಕಟ್ಟೆಗೆ ಒರಗಿತ್ತು, ತಂತಿ ಸಮೇತ.

ಕಬ್ಬಿಣದ ಕಂಬವನ್ನೇ ಹಾಕೋಣವೆಂದರೆ ಇನ್ನೊಂದು ಚಿಂತೆ. ಆಂಟೆನಾ ಎಂದರೆ ಒಮ್ಮೆ ಏರಿಸಿ ಮರೆಯುವ ವಸ್ತುವಲ್ಲ. ಕತ್ತರಿಸಬೇಕು, ಬೆಸೆಯಬೇಕು, ಕೇಬಲ್ ಬದಲಿಸಬೇಕು. ಐವತ್ತು ದಾಟಿದ ನಾನು ಪ್ರತಿ ಸಲ ಏಣಿ ಹತ್ತುವುದು ಆಗದ ಮಾತು. ಪರಿಹಾರ ಸಿಕ್ಕಿದ್ದು ಮಗಳ ಶಾಲೆಯ ಅಂಗಳದಲ್ಲಿ. ಅಲ್ಲಿನ ಬಾವುಟದ ಕಂಬದ ಬುಡದಲ್ಲಿ ಎರಡು ಕಬ್ಬಿಣದ ಚಾನೆಲ್, ಅವುಗಳ ನಡುವೆ ಕಂಬ, ಅಡ್ಡಲಾಗಿ ಎರಡು ಬೋಲ್ಟ್. ಒಂದನ್ನು ತೆಗೆದರೆ ಕಂಬ ಇನ್ನೊಂದರ ಮೇಲೆ ತಿರುಗಿ ನೆಲಕ್ಕೆ ಮಲಗುತ್ತದೆ. ಎಷ್ಟು ವರ್ಷ ಅದರ ಮುಂದೆ ನಿಂತು ರಾಷ್ಟ್ರಗೀತೆ ಹಾಡಿದ್ದೆನೋ, ಬುಡವನ್ನು ನೋಡಿರಲಿಲ್ಲ.

ಬುಡಕ್ಕೆ ಜಾಗವೂ ಮನೆಯಲ್ಲೇ ಇತ್ತು. ಮುಂದೆ ಮಹಡಿ ಕಟ್ಟೋಣವೆಂದು ತಾರಸಿಯಲ್ಲಿ ಬಿಟ್ಟಿದ್ದ ಪಿಲ್ಲರ್ ಕಂಬಿಗಳು ತುಕ್ಕು ಹಿಡಿಯುತ್ತಾ ನಿಂತಿದ್ದವು. ತಾರಸಿಯನ್ನು ಕೊರೆದರೆ ಮಳೆಗಾಲದಲ್ಲಿ ಸೋರುವುದು ಖಚಿತ. ನಾಲ್ಕೂವರೆ ಇಂಚಿನ ಪ್ಯಾರಪೆಟ್ ಗೋಡೆಗೆ ಕ್ಲಾಂಪ್ ಹೊಡೆದರೆ ಗಾಳಿಗೆ ಗೋಡೆಯೇ ಬರುತ್ತದೆ. ಮೇಸ್ತ್ರಿ ಒಂದು ಪಿಲ್ಲರಿನ ಕಂಬಿಗಳಿಗೆ ಚಾನೆಲ್‌ಗಳನ್ನು ಸೇರಿಸಿ, ಸುತ್ತ ಹಲಗೆ ಕಟ್ಟಿ, ಎರಡೂವರೆ ಅಡಿ ಎತ್ತರದ ಕಾಂಕ್ರೀಟ್ ಪೀಠ ಮಾಡಿಕೊಟ್ಟರು. ಹತ್ತು ದಿನ ನೀರುಣಿಸಿದೆ. ಕಂಬ ಯಾವ ಕಡೆಗೆ ಮಲಗಬೇಕು ಎಂಬುದನ್ನು ಕಾಂಕ್ರೀಟ್ ಸುರಿಯುವ ಮೊದಲೇ ನಿರ್ಧರಿಸಬೇಕು. ನಮ್ಮ ಮುಂದಿನ ರಸ್ತೆಯಲ್ಲಿ ವಿದ್ಯುತ್ ತಂತಿ ಇದೆ. ಕಂಬ ತಪ್ಪಿ ಯಾವ ದಿಕ್ಕಿಗೆ ಬಿದ್ದರೂ ಕಂಬವಾಗಲಿ, ಆಂಟೆನಾದ ತಂತಿಯಾಗಲಿ ಆ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ಹಿಂದಿನ ಪಿಲ್ಲರನ್ನೇ ಆರಿಸಿಕೊಂಡೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಸಲಹೆಯನ್ನೂ ಕೇಳುವುದಿಲ್ಲ.

ಪೈಪಿನ ಅಂಗಡಿಯಲ್ಲಿ ಲೆಕ್ಕ ತಪ್ಪಿತು. ಒಂದೂವರೆ ಇಂಚಿನ ಜಿಐ ಪೈಪಿನೊಳಗೆ ಒಂದೂಕಾಲು ಇಂಚಿನದನ್ನು ಜಾರಿಸಿ ಎತ್ತರ ಹೆಚ್ಚಿಸಬಹುದೆಂದುಕೊಂಡಿದ್ದೆ. ಇಂಚಿನ ಮಾತು ಹೆಸರಿಗಷ್ಟೇ. ಬಿ ಕ್ಲಾಸಿನ, ಅಂದರೆ ಮಧ್ಯಮ ದಪ್ಪದ, ಒಂದೂವರೆ ಇಂಚಿನ ಪೈಪಿನ ಹೊರವ್ಯಾಸ 48.3 ಮಿ.ಮೀ., ದಪ್ಪ 3.2, ಒಳಗೆ ಉಳಿಯುವುದು 42ಕ್ಕಿಂತ ತುಸು ಕಡಿಮೆ. ಒಂದೂಕಾಲು ಇಂಚಿನದರ ಹೊರವ್ಯಾಸವೇ 42.4! ಕೂದಲೆಳೆಯಷ್ಟರಲ್ಲಿ ಆಸೆ ಹೋಯಿತು. ಹೋದದ್ದೇ ಒಳ್ಳೆಯದಾಯಿತು, 6 ಮೀಟರಿನ ಒಂದೇ ಪೈಪು, ಸುಮಾರು 21 ಕೆ.ಜಿ., ಸಾಕೆಂದು ತಂದೆ. ನೆಲದಿಂದ ತುದಿ ಹತ್ತು ಮೀಟರ್. ಕಟ್ಟಡಗಳ ವಿನ್ಯಾಸಕ್ಕೆ ಹಿಡಿಯಬೇಕಾದ ಗಾಳಿಯ ವೇಗ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ನಾನು 39 ಹಿಡಿದೇ ಲೆಕ್ಕ ಹಾಕಿದೆ: ಬರಿಯ ಪೈಪಿನ ಮೇಲೆಯೇ 25ರಿಂದ 30 ಕೆ.ಜಿ.ಯ ತಳ್ಳು.

ವೆಲ್ಡರ್ ಒಂದು ಮಾತು ಹೇಳಿ ನನ್ನನ್ನು ಉಳಿಸಿದ. "ಸಾರ್, ಟೊಳ್ಳು ಪೈಪಿಗೆ ಬೋಲ್ಟ್ ಹಾಕಿ ಬಿಗಿದರೆ ಪೈಪು ಚಪ್ಪಟೆಯಾಗುತ್ತದೆ. ತೂತಿನೊಳಗೆ ಬುಷ್ ಕೂರಿಸೋಣ." ಬೋಲ್ಟ್ ಹಾಯುವ ಎರಡೂ ಕಡೆ ಪುಟ್ಟ ಕೊಳವೆಯ ತುಂಡು ಇಟ್ಟು ಬೆಸೆದ. ಈಗ ಎಷ್ಟು ಬಿಗಿದರೂ ಪೈಪಿಗೆ ಏನೂ ಆಗುವುದಿಲ್ಲ.

ಕಂಬವನ್ನು ಸುತ್ತಲಿಂದ ಎಳೆದು ನಿಲ್ಲಿಸುವ ಬಿಗಿಹಗ್ಗಗಳು ನಾಲ್ಕು. ಮೂರು ಸಾಲುತ್ತಿದ್ದವು. ಆದರೆ ನಾಲ್ಕಿದ್ದರೆ ಎರಡನ್ನು ತಿರುಗುವ ಬೋಲ್ಟಿನ ನೇರಕ್ಕೆ, ಅದೇ ಮಟ್ಟದಲ್ಲಿ, ಎಡಬಲದ ಪಿಲ್ಲರ್ ಕಂಬಿಗಳಿಗೆ ಕಟ್ಟಬಹುದು. ಕಂಬ ಏಳುವಾಗಲೂ ಮಲಗುವಾಗಲೂ ಆ ಎರಡು ಸಡಿಲವಾಗುವುದಿಲ್ಲ. ಕಂಬ ಪಕ್ಕಕ್ಕೆ ವಾಲುವ ಭಯವಿಲ್ಲ. ಮೊದಲು ನೀಲಿ ಪ್ಲಾಸ್ಟಿಕ್ ಹಗ್ಗ ಹಾಕಿದ್ದೆ. ಒಂದು ಬೇಸಿಗೆಯ ಬಿಸಿಲಿಗೆ ಅದು ಕೈಯಲ್ಲಿ ಪುಡಿಯಾಯಿತು. ಈಗ 4 ಮಿ.ಮೀ. ಉಕ್ಕಿನ ತಂತಿಹಗ್ಗ, ನಡುನಡುವೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್; ಇಲ್ಲದಿದ್ದರೆ ಉದ್ದದ ತಂತಿ ತಾನೂ ಆಂಟೆನಾದಂತೆ ವರ್ತಿಸುತ್ತದೆ. ತಂತಿಹಗ್ಗದ ಕ್ಲಿಪ್ ಹಾಕುವಾಗ ಅದರ ತಡಿ, ಅಂದರೆ ಜೀನಿನಂತಹ ಭಾಗ, ಭಾರ ಹೊರುವ ಎಳೆಯ ಮೇಲೆ, ಯು ಬೋಲ್ಟ್ ಮಡಚಿ ಬಂದ ತುಂಡುತುದಿಯ ಮೇಲೆ ಕೂರಬೇಕು. ನಾನು ಮೂರು ಕ್ಲಿಪ್‌ಗಳನ್ನು ಉಲ್ಟಾ ಹಾಕಿ ಮತ್ತೆ ಬಿಚ್ಚಿದೆ.

ಏರಿಸುವ ದಿನ ನಾಲ್ವರಿದ್ದೆವು. ಮಲಗಿದ ಕಂಬಕ್ಕೆ ಹಗ್ಗ ಕಟ್ಟಿ ಬುಡದ ಕಡೆಯಿಂದ ಎಳೆದರೆ ಅದು ಏಳುವುದಿಲ್ಲ, ಬುಡವನ್ನೇ ಒತ್ತುತ್ತದೆ. ಇಬ್ಬರು ತುದಿಯನ್ನು ಹೆಗಲಿಗೇರಿಸಿ ಬುಡದತ್ತ ನಡೆಯುತ್ತಾ ಬರಬೇಕು, ಒಬ್ಬ ಹಿಂದೆ ಏಣಿಯನ್ನು ಊರುಗೋಲಾಗಿ ಕೊಡಬೇಕು. ಮೂವತ್ತು ಡಿಗ್ರಿ ದಾಟಿದ ಮೇಲೆ ಹಗ್ಗದವನ ಸರದಿ. ಕೊನೆಯಲ್ಲಿ ಕಂಬ ಹಗುರವಾಗಿ ತಾನೇ ಮುಂದಕ್ಕೆ ಹೊರಡುತ್ತದೆ. ಅದನ್ನು ತಡೆಯಲು ಹಿಂದಿನ ಬಿಗಿಹಗ್ಗವನ್ನು ಮೊದಲೇ ಅಳೆದು ಕಟ್ಟಿರಬೇಕು. ಕೆಳಗಿನಿಂದ ಅಮ್ಮ, "ಬಾವುಟ ಎಲ್ಲೋ?" ಎಂದು ಕೇಳಿದರು.

ತುದಿಯಲ್ಲಿ ರಾಟೆ. ಅದರ ಮೂಲಕ 40 ಮೀಟರ್ ತರಂಗಾಂತರದ ಬ್ಯಾಂಡಿನ ಆಂಟೆನಾ ತಂತಿ, ತಲೆಕೆಳಗಾದ ವಿ ಆಕಾರದಲ್ಲಿ. ಒಂದು ತುದಿ ನಮ್ಮ ಕಾಂಪೌಂಡಿನ ಮೂಲೆಗೆ, ಇನ್ನೊಂದು ಪಕ್ಕದ ನಿವೇಶನದ ಬೇವಿನ ಮರಕ್ಕೆ, ಮಾಲೀಕರನ್ನು ಕೇಳಿಯೇ. ಒಂದೊಂದು ರೆಕ್ಕೆ 10.2 ಮೀಟರ್ ಇಟ್ಟಿದ್ದೆ; ಅನುರಣನ, ಅಂದರೆ ಆಂಟೆನಾ ಸರಿಯಾಗಿ ಹೊಂದುವ ಆವರ್ತನ, 6.95 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿತು. 7.1ಕ್ಕೆ ತರಲು ಎರಡೂ ಕಡೆ 22 ಸೆಂ.ಮೀ. ಕತ್ತರಿಸಿದೆ. ಮೂರನೇ ದಿನವೇ ರಾಟೆಯ ಹಗ್ಗದ ಗಂಟು ಸಡಿಲವಾಗಿ ತುದಿ ಸರ್ರನೆ ಮೇಲೇರಿ ರಾಟೆಯಿಂದ ಹೊರಬಿತ್ತು. ಒಂದು ಬೋಲ್ಟ್ ತೆಗೆದು, ಕಂಬ ಮಲಗಿಸಿ, ಹಗ್ಗದ ಎರಡೂ ತುದಿಗಳನ್ನು ಸೇರಿಸಿ ಉಂಗುರದಂತೆ ಮಾಡಿ ಮತ್ತೆ ನಿಲ್ಲಿಸಲು ಒಂದು ಗಂಟೆ ಹಿಡಿಯಿತು. ಬಿದಿರಿನ ಕಾಲದಲ್ಲಾಗಿದ್ದರೆ ಒಂದು ಭಾನುವಾರ ಪೂರ್ತಿ ಹೋಗುತ್ತಿತ್ತು.

ಆಷಾಢದಲ್ಲಿ ರಾತ್ರಿಯೆಲ್ಲ ಟಪ್ ಟಪ್ ಸದ್ದು. ಅಮ್ಮನಿಗೆ ನಿದ್ದೆಯಿಲ್ಲ. ರಾಟೆಯ ಹಗ್ಗ ಪೈಪಿಗೆ ಬಡಿಯುತ್ತಿತ್ತು; ಅದನ್ನು ಕಂಬದಿಂದ ದೂರಕ್ಕೆಳೆದು ಪ್ಯಾರಪೆಟ್ಟಿನ ಕೊಕ್ಕೆಗೆ ಕಟ್ಟಿದ ಮೇಲೆ ನಿಂತಿತು. ಸಿಡಿಲಿಗಾಗಿ ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಅರ್ತಿಂಗ್ ಗುಂಡಿಗೂ ಮನೆಯ ಅರ್ತಿಂಗಿಗೂ ಜೋಡಿಸಿದ್ದೇನೆ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕವಿಯುವ ಲಕ್ಷಣ ಕಂಡರೆ ಕೇಬಲ್ ಕಿತ್ತು ಕಿಟಕಿಯಾಚೆ ಇಡುತ್ತೇನೆ. ನೇರ ಸಿಡಿಲಿಗೆ ಯಾವ ತಂತಿಯೂ ಭರವಸೆ ಕೊಡುವುದಿಲ್ಲ.

ಪ್ರತಿ ವರ್ಷ ಮಳೆಗೆ ಮುಂಚೆ ಕಂಬ ಮಲಗಿಸಿ ಬೋಲ್ಟಿಗೆ ಗ್ರೀಸ್, ರಾಟೆಗೆ ಎಣ್ಣೆ. ಈ ಮೇನಲ್ಲಿ ಮಲಗಿಸಿದಾಗ ರಾಟೆಯ ಕೊಂಡಿಯಲ್ಲಿ ಕಾಗೆಯೊಂದು ಗೂಡಿಗೆ ಕಡ್ಡಿ, ತಂತಿ ಸೇರಿಸತೊಡಗಿತ್ತು. ಅದರಲ್ಲಿ ನಾನು ಕತ್ತರಿಸಿ ತಾರಸಿಯ ಮೂಲೆಯಲ್ಲಿ ಬಿಟ್ಟಿದ್ದ 22 ಸೆಂ.ಮೀ. ತುಂಡೂ ಒಂದಿತ್ತು.