ಟ್ರೇಲರ್ ಕಟ್ಟಿಕೊಂಡು ಹೊರಡುವ ಮೊದಲು ತೂಕ ಹಾಕಿಸಿ
ಅಮೆರಿಕದಲ್ಲಿ ಮೊದಲ ಸಲ ಟ್ರೇಲರ್ ಎಳೆದುಕೊಂಡು ಕುಟುಂಬ ಸಮೇತ ದೂರದ ಕ್ಯಾಂಪಿಂಗ್‌ಗೆ ಹೊರಡುವವರು, ಸಾಮಾನೆಲ್ಲ ತುಂಬಿ, ಮನೆಮಂದಿಯನ್ನೂ ಕೂರಿಸಿಕೊಂಡು, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ (ವಾಹನ ತೂಗುವ ವೇಬ್ರಿಡ್ಜ್) ಮೇಲೆ ಎರಡು ಸಲ ತೂಕ ಹಾಕಿಸಿ: ಒಮ್ಮೆ ಟ್ರೇಲರ್ ಸಮೇತ, ಇನ್ನೊಮ್ಮೆ ಅದನ್ನು ಪಾರ್ಕಿಂಗ್‌ನಲ್ಲಿ ಬಿಚ್ಚಿಟ್ಟು ಬರೀ ಗಾಡಿ. ಮೊದಲ ಚೀಟಿಯಲ್ಲಿರುವ ಗಾಡಿಯ ಎರಡು ಆಕ್ಸಲ್‌ಗಳ (ಮುಂದಿನ, ಹಿಂದಿನ ಚಕ್ರಗಳ ಅಚ್ಚುಗಳ) ತೂಕದ ಮೊತ್ತದಿಂದ ಎರಡನೇ ಚೀಟಿಯ ತೂಕ ಕಳೆದರೆ ಹಿಚ್ (ಟ್ರೇಲರನ್ನು ಗಾಡಿಗೆ ಜೋಡಿಸುವ ಕೊಂಡಿ) ಮೇಲೆ ಬೀಳುವ ಭಾರ ಸಿಗುತ್ತದೆ. ಅದು ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರೊಳಗಿರಬೇಕು, ನಿಮ್ಮ ಹಿಚ್‌ನ ಮಿತಿಯನ್ನೂ ದಾಟಬಾರದು. ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಕಡಿಮೆ ಬಂದರೆ ಹಿಂಬದಿಯಲ್ಲಿಟ್ಟ ಅಕ್ಕಿ ಮೂಟೆ, ಗ್ರೈಂಡರ್, ನೀರಿನ ಕ್ಯಾನ್‌ಗಳನ್ನು ಟ್ರೇಲರ್‌ನ ಆಕ್ಸಲ್‌ಗಿಂತ ತುಸು ಮುಂದಕ್ಕೆ ಸರಿಸಿ, ಮತ್ತೆ ತೂಗಿ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರವನ್ನು ಎಲ್ಲ ಆಕ್ಸಲ್‌ಗಳಿಗೂ ಹಂಚುವ ಕೊಂಡಿ) ಇದ್ದರೆ ಅದರ ಸರಳು ಬಿಚ್ಚಿಯೇ ತೂಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪು ಬರುತ್ತದೆ. ಟ್ಯಾಂಕ್ ಖಾಲಿ ಇಟ್ಟು ತೂಗಿ ಆಮೇಲೆ ನೀರು ತುಂಬಿಸಿದರೂ ಅಷ್ಟೇ: 40 ಗ್ಯಾಲನ್ ನೀರೇ ಸುಮಾರು 330 ಪೌಂಡ್. ಎಡ-ಬಲದ ಸಮತೋಲ ಮಾತ್ರ ಈ ಚೀಟಿಯಲ್ಲಿ ತಿಳಿಯುವುದಿಲ್ಲ, ಅದನ್ನು ಸಾಮಾನು ಜೋಡಿಸುವಾಗಲೇ ನೋಡಿಕೊಳ್ಳಿ.